ಕಡಿಮೆ ಹಣದಲ್ಲಿ ಮೊದಲ ಕ್ಯಾಮೆರಾ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಕ್ಯಾಮೆರಾ ಕೊಳ್ಳಲು ಹೊರಟವರು ಮಾತಿನ ನಡುವೆ, ಪತ್ರಗಳಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಬೆಲೆಗಳನ್ನು ಬರೆದಿಲ್ಲ. ಬೆಲೆ ಆಗಾಗ ಬದಲಾಗುತ್ತದೆ, ಇರುವ ಹಣವನ್ನು ಹಂಚಿಕೊಳ್ಳುವ ಲೆಕ್ಕ ಬದಲಾಗುವುದಿಲ್ಲ.

## ಕೊಳ್ಳುವ ಮೊದಲು

ಮೊಬೈಲಿನಲ್ಲೇ ಇಷ್ಟು ಚೆನ್ನಾಗಿ ಫೋಟೊ ಬರುತ್ತದೆ. ನನಗೆ ನಿಜವಾಗಿಯೂ ಕ್ಯಾಮೆರಾ ಬೇಕೇ?

ಬೇಡದೆಯೂ ಇರಬಹುದು. ಹಗಲು ಬೆಳಕಿನ ಪ್ರವಾಸದ ಚಿತ್ರಗಳು, ಗುಂಪಿನ ಫೋಟೊಗಳು, ಕಟ್ಟಡಗಳು ಇಷ್ಟೇ ನಿಮ್ಮ ಆಸಕ್ತಿಯಾದರೆ ಮೊಬೈಲ್ ಸಾಕು. ಈಗಿನ ಮೊಬೈಲ್ ಒಮ್ಮೆ ಗುಂಡಿ ಒತ್ತಿದರೆ ಹಲವು ಚಿತ್ರಗಳನ್ನು ತೆಗೆದು, ಬೆಸೆದು, ಒಂದನ್ನು ಕೊಡುತ್ತದೆ. ಕಿಟಕಿಯಾಚೆಯ ಆಕಾಶವೂ ಒಳಗೆ ಕುಳಿತವರ ಮುಖವೂ ಒಟ್ಟಿಗೆ ಕಾಣುವುದು ಹೀಗೆ. ಆರಂಭದ ದರ್ಜೆಯ ಕ್ಯಾಮೆರಾಗಳಲ್ಲಿ ಬಹುತೇಕವು ಈ ಕೆಲಸವನ್ನು ಇಷ್ಟು ಸಲೀಸಾಗಿ ಮಾಡುವುದಿಲ್ಲ.

ಒಂದು ಕೆಲಸ ಮಾಡಿ. ಕಳೆದ ಆರು ತಿಂಗಳಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೊಗಳನ್ನು ತೆರೆದು, ಚೆನ್ನಾಗಿ ಬರಬೇಕಿತ್ತು ಎಂದು ಮನಸ್ಸು ಚುರುಕ್ ಎನ್ನುವಂಥವನ್ನು ಬೇರೆ ಮಾಡಿ. ಪ್ರತಿಯೊಂದೂ ಏಕೆ ಕೆಟ್ಟಿತು ಎಂದು ಬರೆದುಕೊಳ್ಳಿ. ಹಕ್ಕಿ ಚುಕ್ಕೆಯಷ್ಟಾಯಿತು, ಸಂಜೆ ಓಡುತ್ತಿದ್ದ ಮಗು ಮಸುಕಾಯಿತು, ವೇದಿಕೆಯ ಮೇಲಿನ ಮುಖ ಬಣ್ಣ ಬಳಿದಂತಾಯಿತು ಎಂಬಂಥ ಕಾರಣಗಳು ಸಿಕ್ಕರೆ ಕ್ಯಾಮೆರಾ ಬೇಕು. ಕ್ಯಾಮೆರಾ ಆರಿಸಲು ಈ ಪಟ್ಟಿಗಿಂತ ಒಳ್ಳೆಯ ಕೈಪಿಡಿಯನ್ನು ನಾನು ಕಂಡಿಲ್ಲ. ಕಾರಣವೇ ಸಿಗದಿದ್ದರೆ ಹಣವನ್ನು ಇನ್ನೂ ಸ್ವಲ್ಪ ಕಾಲ ಕೈಯಲ್ಲೇ ಇಟ್ಟುಕೊಳ್ಳಿ.

ಎಷ್ಟು ಮೆಗಾಪಿಕ್ಸೆಲ್ ಇದ್ದರೆ ಒಳ್ಳೆಯದು?

ಹನ್ನೆರಡರ ಮೇಲೆ ಎಷ್ಟಿದ್ದರೂ ಸರಿ. ಪಿಕ್ಸೆಲ್ ಎಂದರೆ ಚಿತ್ರದ ಒಂದು ಚುಕ್ಕೆ, ಹತ್ತು ಲಕ್ಷ ಚುಕ್ಕೆ ಸೇರಿದರೆ ಒಂದು ಮೆಗಾಪಿಕ್ಸೆಲ್. 8×10 ಇಂಚಿನ ಚಿತ್ರವನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಲು 2400×3000, ಅಂದರೆ ಸುಮಾರು 72 ಲಕ್ಷ ಪಿಕ್ಸೆಲ್ ಸಾಕು. 4ಕೆ ಪರದೆಯನ್ನು ತುಂಬಲು 83 ಲಕ್ಷ. ಕಳೆದ ಹತ್ತು ವರ್ಷಗಳ ಬಹುತೇಕ ಎಲ್ಲ ಕ್ಯಾಮೆರಾಗಳೂ ಈ ಮಿತಿಯನ್ನು ದಾಟಿವೆ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಈ ಸಂಖ್ಯೆಯನ್ನು ಬದಿಗಿಟ್ಟು ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಒಳಗಿನ ಫಲಕ, ಎಷ್ಟು ದೊಡ್ಡದೆಂದು ಕೇಳಿ.

ಸೆನ್ಸರ್ ದೊಡ್ಡದಿರಬೇಕು ಎನ್ನುತ್ತಾರೆ. ಎಷ್ಟು ದೊಡ್ಡದು? ಒಂದು ಇಂಚು ಎಂದರೆ ದೊಡ್ಡದೇ?

ಹೆಸರು ನಂಬಬೇಡಿ, ಮಿಲಿಮೀಟರ್ ನೋಡಿ. ‘ಒಂದು ಇಂಚು’ ಎನ್ನುವ ಸೆನ್ಸರ್ ನಿಜಕ್ಕೂ 13.2×8.8 ಮಿಮೀ ಮಾತ್ರ. ಆ ಹೆಸರು ಹಳೆಯ ವಿಡಿಯೊ ಕ್ಯಾಮೆರಾಗಳ ಗಾಜಿನ ನಳಿಗೆಯ ಅಳತೆಯಿಂದ ಉಳಿದು ಬಂದದ್ದು. ಅಗ್ಗದ ಜೇಬಿನ ಕ್ಯಾಮೆರಾಗಳಲ್ಲಿ ಇರುವುದು ಸಾಮಾನ್ಯವಾಗಿ 6.2×4.6 ಮಿಮೀ ಸೆನ್ಸರ್, ಹೆಚ್ಚುಕಡಿಮೆ ಕಿರುಬೆರಳಿನ ಉಗುರಿನ ಅರ್ಧದಷ್ಟು. ಲೆನ್ಸ್ ಬದಲಿಸುವ ಕ್ಯಾಮೆರಾಗಳ ಸೆನ್ಸರ್ ಅಳತೆಗಳಿಗೂ ಹೆಸರುಗಳಿವೆ: ಮೈಕ್ರೊ ಫೋರ್ ಥರ್ಡ್ಸ್ 17.3×13 ಮಿಮೀ. ಎಪಿಎಸ್-ಸಿ ಸುಮಾರು 23.5×15.6 ಮಿಮೀ (ಕ್ಯಾನನ್‌ನಲ್ಲಿ ತುಸು ಚಿಕ್ಕದು). ಫುಲ್ ಫ್ರೇಮ್ 36×24 ಮಿಮೀ.

ವಿಸ್ತೀರ್ಣದ ಲೆಕ್ಕ ಹಾಕಿದರೆ ಎಪಿಎಸ್-ಸಿ ಸೆನ್ಸರ್ ಆ ಜೇಬಿನ ಕ್ಯಾಮೆರಾದ ಸೆನ್ಸರಿಗಿಂತ ಸುಮಾರು 13 ಪಟ್ಟು ದೊಡ್ಡದು. ಮಳೆ ಒಂದೇ ಆದರೂ ಹರಿವಾಣದಲ್ಲಿ ನಿಂತಷ್ಟು ನೀರು ಬಟ್ಟಲಿನಲ್ಲಿ ನಿಲ್ಲುವುದಿಲ್ಲ, ಬೆಳಕೂ ಹಾಗೆಯೇ. ಕಡಿಮೆ ಹಣದವರಿಗೆ ಎಪಿಎಸ್-ಸಿ ಅಥವಾ ಮೈಕ್ರೊ ಫೋರ್ ಥರ್ಡ್ಸ್ ಸರಿಯಾದ ನೆಲೆ. ಫುಲ್ ಫ್ರೇಮ್ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಹಳೆಯದು ಅಗ್ಗಕ್ಕೆ ಸಿಕ್ಕರೂ ಅದರ ಲೆನ್ಸ್‌ಗಳು ಕೈ ಕಚ್ಚುತ್ತವೆ.

ಅರವತ್ತು ಪಟ್ಟು ಝೂಮ್ ಇರುವ ಕ್ಯಾಮೆರಾ ಇದೆ, ಲೆನ್ಸ್ ಬದಲಿಸುವ ತಲೆನೋವಿಲ್ಲ. ಅದನ್ನೇ ಕೊಳ್ಳಬಾರದೇಕೆ?

ಹಗಲಿನಲ್ಲಿ ಹಕ್ಕಿ, ಚಂದ್ರ, ದೂರದ ಗೋಪುರ ಮಾತ್ರ ನಿಮಗೆ ಬೇಕಿದ್ದರೆ ಕೊಳ್ಳಬಹುದು. 2018ರಲ್ಲಿ ಬಂದ ನಿಕಾನ್ ಪಿ1000 125 ಪಟ್ಟು ಝೂಮ್ ಕೊಡುತ್ತದೆ. ಅಂಥ ಲೆನ್ಸನ್ನು ದೊಡ್ಡ ಸೆನ್ಸರಿಗೆ ಮಾಡಿದರೆ ಒಬ್ಬರು ಹೊರಲಾರರು. ಸಾಧ್ಯವಾಗಿರುವುದು ಒಳಗಿನ ಸೆನ್ಸರ್ ಉಗುರಿನ ಅರ್ಧದಷ್ಟಿರುವುದರಿಂದಲೇ. ಹಾಗಾಗಿ ಸಂಜೆಯಾಗುತ್ತಿದ್ದಂತೆ, ಮನೆಯೊಳಗೆ ಬರುತ್ತಿದ್ದಂತೆ ಚಿತ್ರ ರವೆ ರವೆಯಾಗುತ್ತದೆ, ಆ ವಿಷಯದಲ್ಲಿ ಮೊಬೈಲೇ ವಾಸಿ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ನಡುಗುವುದರಿಂದ ಅತಿ ದೂರದ ಚಿತ್ರ ಹೇಗೂ ಚೂಪಾಗಿ ಬರುವುದಿಲ್ಲ.

## ಬಾಡಿ ಮತ್ತು ಲೆನ್ಸ್

ಡಿಎಸ್‌ಎಲ್‌ಆರ್ ಕಾಲ ಮುಗಿಯಿತಂತೆ. ಈಗ ಅದನ್ನು ಕೊಂಡರೆ ಹಣ ದಂಡವೇ?

ಅಲ್ಲ. ಡಿಎಸ್‌ಎಲ್‌ಆರ್ ಎಂದರೆ ಒಳಗಿನ ಕನ್ನಡಿಯ ಮೂಲಕ ನೋಡಿ ತೆಗೆಯುವ ಕ್ಯಾಮೆರಾ, ಮಿರರ್‌ಲೆಸ್ ಎಂದರೆ ಆ ಕನ್ನಡಿ ಇಲ್ಲದ್ದು. ಕಂಪನಿಗಳ ಗಮನ ಮಿರರ್‌ಲೆಸ್ ಕಡೆ ತಿರುಗಿದೆ ಎನ್ನುವುದು ನಿಜ. ನಿಕಾನ್ ಡಿ3500ರಂಥ ಜನಪ್ರಿಯ ಮಾದರಿಯ ತಯಾರಿಕೆಯೂ ನಿಂತಿದೆ. ಆದರೆ ಕಂಪನಿ ಮಾಡುವುದನ್ನು ನಿಲ್ಲಿಸಿದ ದಿನ ನಿಮ್ಮ ಕೈಯಲ್ಲಿರುವ ಕ್ಯಾಮೆರಾ ಕೆಟ್ಟದಾಗುವುದಿಲ್ಲ. ಎಲ್ಲರೂ ಮಿರರ್‌ಲೆಸ್‌ಗೆ ಹೋಗುತ್ತಿರುವುದರಿಂದ ಒಳ್ಳೆಯ ಡಿಎಸ್‌ಎಲ್‌ಆರ್‌ಗಳೂ ಅವುಗಳ ಲೆನ್ಸ್‌ಗಳೂ ಇಳಿದ ಬೆಲೆಗೆ ಸಿಗುತ್ತಿವೆ. ಕೈ ಬಿಗಿ ಇರುವವರಿಗೆ ಇದು ಸುಗ್ಗಿ.

ಡಿಎಸ್‌ಎಲ್‌ಆರ್‌ನಲ್ಲಿ ಬ್ಯಾಟರಿ ಬಹಳ ಬಾಳುತ್ತದೆ. ಡಿ3500ಕ್ಕೆ ಒಮ್ಮೆ ಚಾರ್ಜ್ ಮಾಡಿದರೆ 1,550 ಚಿತ್ರಗಳ ಲೆಕ್ಕ ಕೊಟ್ಟಿದ್ದಾರೆ, 2014ರ ಸೋನಿ ಎ6000ಕ್ಕೆ ಸುಮಾರು 360. ಮಿರರ್‌ಲೆಸ್‌ನ ಲಾಭಗಳು ಬೇರೆ: ಹಗುರ, ಚಿಕ್ಕದು, ಚಿತ್ರ ಹೇಗೆ ಬರಲಿದೆ ಎಂಬುದು ಗುಂಡಿ ಒತ್ತುವ ಮೊದಲೇ ವ್ಯೂಫೈಂಡರಿನಲ್ಲಿ (ಕಣ್ಣಿಟ್ಟು ನೋಡುವ ಜಾಗದಲ್ಲಿ) ಕಾಣುತ್ತದೆ, ವಿಡಿಯೊದಲ್ಲಿ ಫೋಕಸ್ ಚೆನ್ನಾಗಿ ಹಿಂಬಾಲಿಸುತ್ತದೆ. ಕಲಿಯುವವರಿಗೆ ಆ ಮುನ್ನೋಟ ದೊಡ್ಡ ಉಪಕಾರ. ನನ್ನನ್ನು ಕೇಳಿದರೆ, ಹೊರಗೆ ಹೊತ್ತುಕೊಂಡು ಹೋಗಲು ಬೇಸರವಾಗದ್ದನ್ನು ಆರಿಸಿ. ಎರಡನ್ನೂ ಕೈಯಲ್ಲಿ ಹಿಡಿದು ನೋಡದೆ ಇದು ತಿಳಿಯದು.

ಇರುವ ಹಣವನ್ನೆಲ್ಲ ಹಾಕಿ ಆದಷ್ಟು ಹೊಸ ಬಾಡಿ ಕೊಳ್ಳುವುದೇ ಜಾಣತನವಲ್ಲವೇ? ಲೆನ್ಸ್ ಆಮೇಲೆ ಕೊಂಡರಾಯಿತು.

ಈ ಒಂದು ಪ್ರಶ್ನೆಗೆ ಉತ್ತರ ಕೊಡಲೆಂದೇ ಇಷ್ಟೆಲ್ಲ ಬರೆಯುತ್ತಿದ್ದೇನೆ ಎಂದರೂ ತಪ್ಪಿಲ್ಲ. ನಾನು ಮಾಡಿದ್ದೂ ಅದನ್ನೇ. ಕೂಡಿಟ್ಟ ಹಣವನ್ನೆಲ್ಲ ಹೊಸ ಬಾಡಿಯ ಮೇಲೆ ಸುರಿದು, ಜೊತೆಗೆ ಬಂದ ಕಿಟ್ ಲೆನ್ಸಿನಲ್ಲಿ ಎರಡು ವರ್ಷ ಕಳೆದೆ. ಆ ಎರಡು ವರ್ಷಗಳಲ್ಲಿ ಮನೆಯೊಳಗೆ ತೆಗೆದ ಚಿತ್ರಗಳಲ್ಲಿ ನಿಂತವರು ಮಾತ್ರ ಸ್ಪಷ್ಟವಾಗಿದ್ದಾರೆ, ನಕ್ಕವರು, ತಿರುಗಿದವರು, ಓಡಿದವರು ಎಲ್ಲರೂ ಮಸುಕು. ಆಮೇಲೆ ಬಳಸಿದ ಒಂದು 50 ಮಿಮೀ ಎಫ್/1.8 ಲೆನ್ಸ್ ತಂದೆ. ಅದೇ ಬಾಡಿ, ಅದೇ ಕೋಣೆ, ಅದೇ ಟ್ಯೂಬ್‌ಲೈಟ್.

ಆದದ್ದು ಇಷ್ಟು. ಲೆನ್ಸಿನ ಮಿಮೀ ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ, ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಬರುವ ಕಿಂಡಿ (ಅಪರ್ಚರ್) ಅಗಲವಾಗುತ್ತದೆ. ಕಿಟ್ ಲೆನ್ಸನ್ನು 55 ಮಿಮೀಗೆ ಎಳೆದರೆ ಅದರ ಕಿಂಡಿ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8ರಲ್ಲಿ ಅದರ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಒಳಗೆ ಬರುತ್ತದೆ. ಮೊದಲು ಸೆಕೆಂಡಿನ 1/50 ಭಾಗ ಶಟರ್ (ಸೆನ್ಸರಿನ ಮುಂದೆ ತೆರೆದು ಮುಚ್ಚುವ ತೆರೆ) ತೆರೆದಿರಬೇಕಾಗಿದ್ದಲ್ಲಿ ಈಗ 1/500 ಸಾಕು. 1/50ರಲ್ಲಿ ಕುಣಿಯುವ ಮಗುವಿನ ಕೈ ಒಂದು ಗೆರೆಯಾಗುತ್ತದೆ, 1/500ರಲ್ಲಿ ಐದು ಬೆರಳು ಎಣಿಸಬಹುದು. ಯಾವ ಹೊಸ ಬಾಡಿಯೂ ಇಷ್ಟು ದೊಡ್ಡ ಜಿಗಿತವನ್ನು ಕೊಡುವುದಿಲ್ಲ. ಒಂದೇ ದರ್ಜೆಯ, ಐದು ವರ್ಷ ಅಂತರದ ಎರಡು ಬಾಡಿಗಳ ನಡುವೆ ಮಂದ ಬೆಳಕಿನ ವ್ಯತ್ಯಾಸ ಹುಡುಕಿದರೆ ಸಿಕ್ಕೀತು, ಎದ್ದು ಕಾಣುವುದಿಲ್ಲ.

ಆದ್ದರಿಂದ ನಾನು ಹೇಳುವ ಹಂಚಿಕೆ ಇದು: ಒಟ್ಟು ಹಣದ ಅರ್ಧದಷ್ಟು, ಹೆಚ್ಚೆಂದರೆ ಶೇಕಡಾ ಅರವತ್ತು ಪಾಲು, ಬಾಡಿ ಮತ್ತು ಕಿಟ್ ಲೆನ್ಸಿಗೆ. ಕಾಲು ಭಾಗ ನಿಮ್ಮ ಪಟ್ಟಿ ಕೇಳುವ ಒಂದು ಲೆನ್ಸಿಗೆ. ಉಳಿದದ್ದು ಕಾರ್ಡ್, ಎರಡನೆಯ ಬ್ಯಾಟರಿ, ಚೀಲಕ್ಕೆ. ಇಷ್ಟರಲ್ಲಿ ಹೊಸ ಬಾಡಿ ಬರದಿದ್ದರೆ ಹಳೆಯದಕ್ಕೆ ಇಳಿಯಿರಿ. ಲೆನ್ಸಿನ ಪಾಲನ್ನು ಮಾತ್ರ ಮುಟ್ಟಬೇಡಿ.

ಜೊತೆಗೆ ಬರುವ ಕಿಟ್ ಲೆನ್ಸ್ ಕಳಪೆಯಂತೆ. ಬಿಟ್ಟುಬಿಡಲೇ?

ಬಿಡಬೇಡಿ. 18-55 ಮಿಮೀ ಲೆನ್ಸ್ ಹಗಲು ಬೆಳಕಿನಲ್ಲಿ, ಎಫ್/8ರ ಆಸುಪಾಸಿನಲ್ಲಿ, ಬಹಳ ಅಚ್ಚುಕಟ್ಟಾದ ಚಿತ್ರ ಕೊಡುತ್ತದೆ. ಅಗಲದ ನೋಟವೂ ಹತ್ತಿರದ ಮುಖವೂ ಒಂದರಲ್ಲೇ ಸಿಗುವುದರಿಂದ ನಿಮಗೆ ಯಾವ ಕೋನ ಇಷ್ಟ ಎಂದು ತಿಳಿಯಲು ಅದೇ ಒಳ್ಳೆಯ ಗುರು. ಮೂರು ತಿಂಗಳಾದ ಮೇಲೆ ಫೈಲುಗಳ ವಿವರ ತೆರೆದು ಹೆಚ್ಚಿನವು ಎಷ್ಟು ಮಿಮೀನಲ್ಲಿವೆ ನೋಡಿ, ಮುಂದಿನ ಲೆನ್ಸ್ ಯಾವುದೆಂದು ಅಲ್ಲೇ ಬರೆದಿರುತ್ತದೆ.

ಎರಡು ಲೆನ್ಸ್, ಟ್ರೈಪಾಡ್, ಫಿಲ್ಟರ್, ಚೀಲ ಎಲ್ಲ ಸೇರಿದ ಕೊಡುಗೆ ಲಾಭವೇ?

ಎರಡನೆಯ ಲೆನ್ಸಿನ ಹೆಸರು ನೋಡಿ. ಅದರಲ್ಲಿ ಕಂಪ ತಡೆಯುವ ವ್ಯವಸ್ಥೆ ಇದೆಯೇ ಎಂದು ವಿಚಾರಿಸಿ. ನಿಕಾನ್‌ನಲ್ಲಿ ಇದರ ಗುರುತು ವಿಆರ್, ಕ್ಯಾನನ್‌ನಲ್ಲಿ ಐಎಸ್, ಸೋನಿಯಲ್ಲಿ ಒಎಸ್‌ಎಸ್. ಈ ಗುರುತಿಲ್ಲದ 70-300 ಮಿಮೀ ಲೆನ್ಸ್, ಬಾಡಿಯಲ್ಲೂ ಆ ವ್ಯವಸ್ಥೆ ಇಲ್ಲದಿದ್ದರೆ, ಕೈಯಲ್ಲಿ ಹಿಡಿದು ತೆಗೆಯುವವರಿಗೆ ಬರೀ ನಿರಾಸೆ. ಬಿಟ್ಟಿ ಟ್ರೈಪಾಡ್ ಕ್ಯಾಮೆರಾದ ಭಾರಕ್ಕೆ ತಲೆ ಬಾಗಿಸುತ್ತದೆ. ಬಿಟ್ಟಿ ಫಿಲ್ಟರ್ ದೀಪಗಳ ಸುತ್ತ ಪ್ರಭೆ ಎಬ್ಬಿಸುತ್ತದೆ.

## ಬಳಸಿದ ಕ್ಯಾಮೆರಾ

ಸೆಕೆಂಡ್ ಹ್ಯಾಂಡ್ ಕೊಳ್ಳಲು ಭಯ. ನೋಡಲು ಹೋದಾಗ ಏನೇನು ಪರೀಕ್ಷಿಸಬೇಕು?

ಹಗಲಿನಲ್ಲಿ ಹೋಗಿ. ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಟಾರ್ಚ್ ಇರುವ ಮೊಬೈಲ್ ಒಯ್ಯಿರಿ. ಅರ್ಧ ಗಂಟೆ ಬೇಕೆಂದು ಮೊದಲೇ ಹೇಳಿ. ಅವಸರ ಮಾಡುವವರಿಂದ ಕೊಳ್ಳಬೇಡಿ.

ಮೊದಲು ಲೆನ್ಸ್. ಬಾಡಿಯಿಂದ ಕಳಚಿ, ಎರಡೂ ಮುಚ್ಚಳ ತೆಗೆದು, ಒಂದು ತುದಿಯಿಂದ ಟಾರ್ಚ್ ಬಿಟ್ಟು ಇನ್ನೊಂದು ತುದಿಯಿಂದ ಓರೆಯಾಗಿ ನೋಡಿ. ನಾಲ್ಕಾರು ಧೂಳಿನ ಕಣ ಕಂಡರೆ ಚಿಂತೆಯಿಲ್ಲ. ಅಂಚಿನಿಂದ ನಡುವಿಗೆ ಬೇರು ಇಳಿದಂತೆ, ಜೇಡರ ಬಲೆಯ ಎಳೆಯಂತೆ ಬಿಳಿ ಗೆರೆಗಳು ಹಬ್ಬಿದ್ದರೆ ಅದು ಫಂಗಸ್, ಅಂದರೆ ಬೂಷ್ಟು. ಎಷ್ಟು ಅಗ್ಗವಾದರೂ ಬೇಡ. ಒಳಗೆ ತೆಳು ಮಂಜು ಕವಿದಂತಿದ್ದರೂ ಬೇಡ. ಝೂಮ್ ಉಂಗುರ ತಿರುಗಿಸುವಾಗ ಮರಳು ಅರೆದಂತೆ ಸದ್ದಾದರೆ ಲೆನ್ಸ್ ಕೆಳಗೆ ಬಿದ್ದಿರಬಹುದು, ಇಲ್ಲವೇ ಒಳಗೆ ಮಣ್ಣು ಹೊಕ್ಕಿದೆ.

ಆಮೇಲೆ ಸೆನ್ಸರ್. ಅಪರ್ಚರ್ ಎಫ್/16 ಇಟ್ಟು, ಫೋಕಸ್ ಬೇಕೆಂದೇ ಕೆಡಿಸಿ, ಬಿಳಿ ಗೋಡೆ ಅಥವಾ ಬರಿ ಆಕಾಶದ ಚಿತ್ರ ತೆಗೆಯಿರಿ. ಬೂದು ಚುಕ್ಕೆಗಳು ಧೂಳು, ಸ್ವಚ್ಛ ಮಾಡಿದರೆ ಹೋಗುತ್ತವೆ. ಗೀರು ಹೋಗುವುದಿಲ್ಲ. ಮುಚ್ಚಳ ಹಾಕಿ ಒಂದು ಸೆಕೆಂಡಿನ ಚಿತ್ರ ತೆಗೆದು ಹಿಗ್ಗಿಸಿದರೆ ಸದಾ ಉರಿಯುವ ಕೆಟ್ಟ ಪಿಕ್ಸೆಲ್‌ಗಳು ಕೆಂಪು, ಹಸಿರು ಚುಕ್ಕೆಗಳಾಗಿ ಕಾಣುತ್ತವೆ. ಒಂದೆರಡಿದ್ದರೆ ಬಿಡಿ.

ಕೊನೆಗೆ ಬಾಡಿ. ಪ್ರತಿ ಗುಂಡಿಯನ್ನೂ ಒತ್ತಿ, ಪ್ರತಿ ಗಾಲಿಯನ್ನೂ ತಿರುಗಿಸಿ. ಫ್ಲ್ಯಾಶ್ ಹಾರಿಸಿ ನೋಡಿ. ಕಾರ್ಡ್ ಗೂಡಿನೊಳಗೆ ಬಾಗಿದ ಪಿನ್ ಇದೆಯೇ, ಬ್ಯಾಟರಿ ಉಬ್ಬಿದೆಯೇ, ತಳದ ಸ್ಕ್ರೂಗಳ ತಲೆ ಸವೆದಿದೆಯೇ ನೋಡಿ. ಸವೆದ ತಲೆ ಎಂದರೆ ಯಾರೋ ಬಿಚ್ಚಿದ್ದಾರೆ ಎಂದರ್ಥ. ಬಾಡಿಯ ಮೇಲಿನ ಕ್ರಮಸಂಖ್ಯೆಯೂ ಬಿಲ್ಲಿನ ಸಂಖ್ಯೆಯೂ ಒಂದೇ ಇರಲಿ.

ಶಟರ್ ಕೌಂಟ್ ಎಷ್ಟರೊಳಗೆ ಇರಬೇಕು?

ಆರಂಭದ ದರ್ಜೆಯ ಡಿಎಸ್‌ಎಲ್‌ಆರ್‌ಗಳ ಶಟರ್ ಸಾಮಾನ್ಯವಾಗಿ ಒಂದು ಲಕ್ಷ ಸಲ ತೆರೆದು ಮುಚ್ಚುವಂತೆ ಮಾಡಿದ್ದು. 30 ಸಾವಿರದ ಒಳಗಿದ್ದರೆ ನಿಶ್ಚಿಂತೆ, 60 ಸಾವಿರದ ಮೇಲಿದ್ದರೆ ಬೆಲೆ ಇಳಿಸಲು ಕಾರಣ. ನಿಕಾನ್‌ನಲ್ಲಿ ಈ ಸಂಖ್ಯೆ ಚಿತ್ರದ ಫೈಲಿನೊಳಗೇ ಇರುತ್ತದೆ. ಕ್ಯಾನನ್‌ನ ಹೆಚ್ಚಿನ ಮಾದರಿಗಳಲ್ಲಿ ಕಂಪ್ಯೂಟರಿಗೆ ಜೋಡಿಸಿ ಓದಬೇಕು. ಸಂಖ್ಯೆ ಕಡಿಮೆಯಿದ್ದು ಬೀರುವಿನಲ್ಲಿ ಬೂಷ್ಟು ಹಿಡಿದ ಕ್ಯಾಮೆರಾಕ್ಕಿಂತ ದಿನವೂ ದುಡಿದು ಚೊಕ್ಕಟವಾಗಿರುವ ಕ್ಯಾಮೆರಾವನ್ನೇ ನಾನು ಆರಿಸುತ್ತೇನೆ.

ಒಂದೇ ಕಂಪನಿಯ ಲೆನ್ಸ್ ಆದರೆ ಯಾವ ಬಾಡಿಗಾದರೂ ಕೂರುತ್ತದೆ ಅಲ್ಲವೇ?

ಇಲ್ಲ, ಹಣ ಕಳೆದುಕೊಳ್ಳುವವರು ಹೆಚ್ಚಾಗಿ ಇಲ್ಲಿಯೇ ಕಳೆದುಕೊಳ್ಳುತ್ತಾರೆ. ನಿಕಾನ್‌ನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟರ್ ಇಲ್ಲ. ಅವುಗಳಿಗೆ 50 ಮಿಮೀ ಎಫ್/1.8 ಡಿ ಹಾಕಿದರೆ ಕೂರುತ್ತದೆ, ಆದರೆ ಫೋಕಸನ್ನು ಕೈಯಲ್ಲೇ ಹೊಂದಿಸಬೇಕು. ತುಸು ಹೆಚ್ಚು ಬೆಲೆಯ ಎಎಫ್-ಎಸ್ 50 ಮಿಮೀ ಎಫ್/1.8 ಜಿ ತನ್ನೊಳಗೇ ಮೋಟರ್ ಹೊಂದಿದೆ. ಇನ್ನೊಂದೆಡೆ, ಎಎಫ್-ಪಿ ಎಂಬ ಗುರುತಿನ ಹೊಸ ಲೆನ್ಸ್‌ಗಳು ಡಿ3100, ಡಿ3200ರಂಥ ಹಳೆಯ ಬಾಡಿಗಳಲ್ಲಿ ಫೋಕಸ್ ಆಗುವುದೇ ಇಲ್ಲ.

ಕ್ಯಾನನ್ ಎಪಿಎಸ್-ಸಿ ಡಿಎಸ್‌ಎಲ್‌ಆರ್‌ಗಳಲ್ಲಿ ಈ ತೊಡಕು ಕಡಿಮೆ. 1987ರಿಂದ ಬಂದ ಇಎಫ್ ಲೆನ್ಸ್‌ಗಳೂ ಆಮೇಲಿನ ಇಎಫ್-ಎಸ್ ಲೆನ್ಸ್‌ಗಳೂ ಹೊಂದುತ್ತವೆ (ತೀರಾ ಹಳೆಯ ಕೆಲವು ಬಾಡಿಗಳಲ್ಲಿ ಇಎಫ್-ಎಸ್ ಕೂರುವುದಿಲ್ಲ). ಆದರೆ ಕ್ಯಾನನ್‌ನ ಚಿಕ್ಕ ಇಒಎಸ್ ಎಂ ಮಿರರ್‌ಲೆಸ್ ಸಾಲು ನಿಂತುಹೋಗಿದೆ, ಅದರ ಇಎಫ್-ಎಂ ಲೆನ್ಸ್‌ಗಳನ್ನು ಕ್ಯಾನನ್‌ನ ಈಗಿನ ಆರ್‌ಎಫ್ ಮಿರರ್‌ಲೆಸ್ ಬಾಡಿಗಳಿಗೆ ಹಾಕಲು ಬರುವುದಿಲ್ಲ. ಎರಡು ಲೆನ್ಸಿಗೇ ತೃಪ್ತಿ ಎನ್ನುವವರು ಮಾತ್ರ ಅದನ್ನು ಕೊಳ್ಳಬಹುದು.

## ಜೊತೆಯ ಸಾಮಾನು

ಯಾವ ಮೆಮೊರಿ ಕಾರ್ಡ್? ಅಗ್ಗದ್ದು ಸಾಲದೇ?

64 ಜಿಬಿಯ ಒಂದರ ಬದಲು 32 ಜಿಬಿಯ ಎರಡು. ಒಂದು ಕೈಕೊಟ್ಟರೂ ಇನ್ನೊಂದು ಉಳಿಯುತ್ತದೆ, ತೀರಾ ಹಳೆಯ ಬಾಡಿಗಳು 32 ಜಿಬಿಗಿಂತ ದೊಡ್ಡ ಕಾರ್ಡನ್ನು ಓದುವುದೂ ಇಲ್ಲ. 4ಕೆ ವಿಡಿಯೊ ತೆಗೆಯುವಿರಾದರೆ ವಿ30 ಗುರುತು ಇರಲಿ, ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುತ್ತದೆ ಎಂಬ ಖಾತರಿ ಅದು. ನಕಲಿ ಕಾರ್ಡುಗಳು ವಿಪರೀತ. ಹೊಸ ಕಾರ್ಡಿಗೆ ಕಂಪ್ಯೂಟರಿನಿಂದ ಫೈಲುಗಳನ್ನು ತುಂಬುವಷ್ಟೂ ತುಂಬಿ, ಮತ್ತೆ ತೆರೆದು ನೋಡಿ. ನಕಲಿಯಾದರೆ ಒಂದು ಮಿತಿಯಿಂದಾಚೆಗಿನ ಫೈಲುಗಳು ತೆರೆಯುವುದಿಲ್ಲ. ಬದುಕಿನಲ್ಲಿ ಒಮ್ಮೆ ಮಾತ್ರ ಬರುವ ದಿನಕ್ಕೆ ಪರೀಕ್ಷಿಸದ ಕಾರ್ಡ್ ಒಯ್ಯಬೇಡಿ.

ಯುವಿ ಫಿಲ್ಟರ್ ಕಡ್ಡಾಯವೇ?

ಅಲ್ಲ. ಲೆನ್ಸ್ ಹುಡ್ ಹಾಕಿ. ಅಡ್ಡ ಬೆಳಕನ್ನೂ ಪೆಟ್ಟನ್ನೂ ಅದು ತಡೆಯುತ್ತದೆ. ಸಮುದ್ರದ ಸಿಂಪರಣೆ, ಹಾರುವ ಮರಳು ಇರುವ ಕಡೆ ಮಾತ್ರ ಫಿಲ್ಟರ್ ಉಪಯೋಗ.

ಹೊರಗಿನ ಫ್ಲ್ಯಾಶ್ ಬೇಕೇ? ಬಾಡಿಯಲ್ಲೇ ಇದೆಯಲ್ಲ?

ಬಾಡಿಯ ಫ್ಲ್ಯಾಶ್ ಮುಖಕ್ಕೆ ನೇರವಾಗಿ ಹೊಡೆದು ಹಿಂದಿನ ಗೋಡೆಯಲ್ಲಿ ಕರಿ ನೆರಳು ಮೂಡಿಸುತ್ತದೆ. ತಲೆ ತಿರುಗುವ, ಕೈಯಲ್ಲೇ ಹೊಂದಿಸುವ ಅಗ್ಗದ ಫ್ಲ್ಯಾಶ್ ಒಂದಿದ್ದರೆ, ಅದನ್ನು ಬಿಳಿ ಸೂರಿನ ಕಡೆ ತಿರುಗಿಸಿ ಹಾರಿಸಿ. ಸೂರೆಲ್ಲ ಒಂದು ದೊಡ್ಡ ಕಿಟಕಿಯಂತಾಗಿ ಮೆತ್ತನೆಯ ಬೆಳಕು ಇಳಿಯುತ್ತದೆ. ಕೊಳ್ಳುವ ಮುನ್ನ ಬಾಡಿಯ ಹಾಟ್ ಶೂ, ಅಂದರೆ ಮೇಲೆ ಫ್ಲ್ಯಾಶ್ ಕೂರಿಸುವ ಗೂಡು, ನೋಡಿ. ಕೆಲವು ಅಗ್ಗದ ಬಾಡಿಗಳಲ್ಲಿ ನಡುವಿನ ಲೋಹದ ಚುಕ್ಕೆಯನ್ನೇ ತೆಗೆದುಬಿಟ್ಟಿದ್ದಾರೆ, ಅಲ್ಲಿ ಇಂಥ ಫ್ಲ್ಯಾಶ್ ಹಾರುವುದಿಲ್ಲ.

ಬೂಷ್ಟು ಬರದಂತೆ ಹೇಗೆ ಇಡುವುದು?

ಚರ್ಮದ ಚೀಲದಲ್ಲಿ, ಮುಚ್ಚಿದ ಬೀರುವಿನಲ್ಲಿ ತಿಂಗಳುಗಟ್ಟಲೆ ಇಡಬೇಡಿ. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವಾಂಶ ತೋರಿಸುವ ಚಿಕ್ಕ ಮಾಪಕ. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಏರಿದರೆ ಜೆಲ್ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ವಾರಕ್ಕೊಮ್ಮೆ ಹೊರತೆಗೆದು ಬಳಸಿದರೆ ಇನ್ನೂ ಒಳ್ಳೆಯದು.

## ಸ್ವಲ್ಪ ಮುಂದೆ ಹೋದವರಿಗೆ

ರಾ ಫೈಲಿನಲ್ಲಿ ತೆಗೆಯಬೇಕೇ? ಸಾಫ್ಟ್‌ವೇರ್‌ಗೆ ಹಣವಿಲ್ಲ.

ರಾ ಎಂದರೆ ಸೆನ್ಸರ್ ಹಿಡಿದದ್ದನ್ನು ಹಾಗೆಯೇ ಇಟ್ಟ ಫೈಲು, ಜೆಪೆಗ್ ಎಂದರೆ ಕ್ಯಾಮೆರಾ ತಾನೇ ಸಿದ್ಧಪಡಿಸಿ ಕುಗ್ಗಿಸಿದ ಚಿತ್ರ. ಮೊದಲ ತಿಂಗಳಿಂದಲೇ ಎರಡನ್ನೂ ಒಟ್ಟಿಗೆ ಉಳಿಸಿ. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲುಗಳಿದ್ದರೆ 14 ಬಿಟ್ ರಾ ಫೈಲಿನಲ್ಲಿ 16,384. ನೆರಳಿನಲ್ಲಿ ಕಪ್ಪಾಗಿ ಹೋದ ಮುಖವನ್ನು ಮೇಲೆತ್ತುವಾಗ ಈ ಮೆಟ್ಟಿಲುಗಳು ಕೆಲಸಕ್ಕೆ ಬರುತ್ತವೆ. ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ನಿಕಾನ್ ಮತ್ತು ಕ್ಯಾನನ್ ತಮ್ಮ ಕ್ಯಾಮೆರಾಗಳಿಗೆ ತಾವೇ ಉಚಿತ ಸಾಫ್ಟ್‌ವೇರ್ ಕೊಡುತ್ತವೆ.

ಕಂಪ ತಡೆಯುವ ವ್ಯವಸ್ಥೆ ಇದ್ದರೆ ಎಫ್/1.8 ಲೆನ್ಸ್ ಬೇಡವಲ್ಲ?

ಅದು ತಡೆಯುವುದು ನಿಮ್ಮ ಕೈಯ ನಡುಕವನ್ನು, ಎದುರಿನವರ ಚಲನೆಯನ್ನಲ್ಲ. ರಾತ್ರಿ ಬೀದಿ, ದೇಗುಲದ ಕಂಬ, ನಿಂತ ದೀಪಕ್ಕೆ ಅದು ವರ. ಆಡುವ ಮಗುವಿಗೆ, ನರ್ತಕಿಗೆ ಅಗಲ ಕಿಂಡಿಯೇ ಬೇಕು.

ವಿಡಿಯೊಗೂ ಅದೇ ಕ್ಯಾಮೆರಾ ಆಗಬೇಕು. ಏನು ನೋಡಲಿ?

4ಕೆ ಎಂಬ ಪದಕ್ಕಿಂತ ಮೊದಲು ಮೈಕ್ ಸಿಕ್ಕಿಸುವ ರಂಧ್ರ ನೋಡಿ. ಡಿ3500ರಲ್ಲಿ, ಎ6000ದಲ್ಲಿ ಅದಿಲ್ಲ. 2017ರ ಕ್ಯಾನನ್ 200ಡಿಯಲ್ಲಿ ಇದೆ, ತಿರುಗುವ ಪರದೆಯೂ ಇದೆ. ಚಿತ್ರ ತುಸು ಮೆತ್ತಗಿದ್ದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. 4ಕೆ ಇದ್ದರೂ ಅದರಲ್ಲಿ ಏನು ಕಳೆಯುತ್ತದೆ ಎಂದು ವಿಚಾರಿಸಿ. ಕ್ಯಾನನ್ 250ಡಿ 4ಕೆ ತೆಗೆಯುವಾಗ ಚೌಕಟ್ಟನ್ನು ಕತ್ತರಿಸುತ್ತದೆ, ಅದರ ಒಳ್ಳೆಯ ಫೋಕಸ್ ವ್ಯವಸ್ಥೆಯೂ ಆಗ ಕೆಲಸ ಮಾಡುವುದಿಲ್ಲ.

ಮನೆಯಲ್ಲಿ ಹಳೆಯ ಫಿಲ್ಮ್ ಕ್ಯಾಮೆರಾದ ಲೆನ್ಸ್ ಇದೆ. ಹಾಕಬಹುದೇ?

ಮಿರರ್‌ಲೆಸ್ ಬಾಡಿಯಾದರೆ ಒಂದು ಲೋಹದ ಉಂಗುರದಿಂದ ಬಹುತೇಕ ಎಲ್ಲವನ್ನೂ ಹಾಕಬಹುದು. ಫೋಕಸ್ ಕೈಯಲ್ಲೇ, ಆದರೆ ಚೂಪಾದ ಅಂಚುಗಳನ್ನು ಬಣ್ಣದಲ್ಲಿ ತೋರಿಸುವ ಫೋಕಸ್ ಪೀಕಿಂಗ್ ಇದ್ದರೆ ಕಷ್ಟವಿಲ್ಲ. ಡಿಎಸ್‌ಎಲ್‌ಆರ್‌ನಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವಿನ ದೂರದ ಲೆಕ್ಕ ಬರುತ್ತದೆ. ಎಂ42 ಎಂಬ ಹಳೆಯ ತಿರುಪಿನ ಲೆನ್ಸಿಗೆ 45.46 ಮಿಮೀ ಬೇಕು. ಕ್ಯಾನನ್‌ನಲ್ಲಿ 44 ಮಿಮೀ ಇರುವುದರಿಂದ ಉಂಗುರಕ್ಕೆ ಜಾಗ ಉಳಿಯುತ್ತದೆ. ನಿಕಾನ್‌ನಲ್ಲಿ 46.5 ಮಿಮೀ ಇರುವುದರಿಂದ ದೂರದ ವಸ್ತುವಿಗೆ ಫೋಕಸ್ ಸಿಗುವುದಿಲ್ಲ.

ಹೂವು, ಕೀಟಗಳ ಚಿತ್ರ ಬೇಕು. ಮ್ಯಾಕ್ರೊ ಲೆನ್ಸ್ ಕೈಗೆಟುಕುವುದಿಲ್ಲ.

ಬಾಡಿಗೂ ಲೆನ್ಸಿಗೂ ನಡುವೆ ಹಾಕುವ ಟೊಳ್ಳು ಉಂಗುರಗಳನ್ನು ಕೊಳ್ಳಿ, ಅವುಗಳನ್ನು ಎಕ್ಸ್‌ಟೆನ್ಷನ್ ಟ್ಯೂಬ್ ಎನ್ನುತ್ತಾರೆ. ಒಳಗೆ ಗಾಜಿಲ್ಲ, ಹಾಗಾಗಿ ಅಗ್ಗ. 50 ಮಿಮೀ ಲೆನ್ಸಿಗೆ 50 ಮಿಮೀ ಉದ್ದದ ಉಂಗುರ ಸೇರಿಸಿದರೆ ಇರುವೆ ತನ್ನ ನಿಜ ಗಾತ್ರದಲ್ಲೇ ಸೆನ್ಸರಿನ ಮೇಲೆ ಮೂಡುತ್ತದೆ. ವಿದ್ಯುತ್ ಸಂಪರ್ಕದ ಪಿನ್ ಇರುವ ಉಂಗುರವನ್ನೇ ಆರಿಸಿ, ಇಲ್ಲದಿದ್ದರೆ ಹೊಸ ಲೆನ್ಸ್‌ಗಳ ಅಪರ್ಚರ್ ಬದಲಿಸಲು ಆಗದು. ಬೆಳಗಿನ ಜಾವ, ಕೀಟಗಳು ಚಳಿಗೆ ಜಡವಾಗಿರುವಾಗ ಹೋಗಿ.

ಯಾವಾಗ ಮುಂದಿನ ಬಾಡಿಗೆ ಹಣ ಕೂಡಿಡಲು ಶುರು ಮಾಡಲಿ?

ಮೊದಲ ದಿನ ಬರೆದ ಪಟ್ಟಿಯನ್ನು ಮತ್ತೆ ಬರೆಯಿರಿ, ಈ ಸಲ ಈ ಕ್ಯಾಮೆರಾದಲ್ಲಿ ಕೆಟ್ಟ ಚಿತ್ರಗಳನ್ನು ಇಟ್ಟುಕೊಂಡು. ಫೋಕಸ್ ತಪ್ಪು ಜಾಗದಲ್ಲಿ ನಿಂತದ್ದು, ಶಟರ್ ನಿಧಾನವಾದದ್ದು, ಹತ್ತಿರ ಹೋಗದೆ ತೆಗೆದದ್ದು ಇವೆಲ್ಲ ಅಭ್ಯಾಸದಿಂದ ಸರಿಹೋಗುತ್ತವೆ. ಬೆಳಕು ಸಾಲದ್ದು, ದೂರ ಸಾಲದ್ದು ಲೆನ್ಸಿನಿಂದ ಸರಿಹೋಗುತ್ತವೆ. ಹಾರುವ ಹಕ್ಕಿಯನ್ನು ಫೋಕಸ್ ಹಿಂಬಾಲಿಸಲಾರದು, ಸತತ ಚಿತ್ರ ತೆಗೆಯುವಾಗ ಕ್ಯಾಮೆರಾ ನಡುವೆ ತಡವರಿಸುತ್ತದೆ, ಮಳೆಯಲ್ಲಿ ಒಯ್ಯಲಾಗುವುದಿಲ್ಲ ಎಂಬಂಥ ಸಾಲುಗಳು ಪಟ್ಟಿಯಲ್ಲಿ ಮೇಲೆ ಬಂದಾಗ ಬಾಡಿ ಬದಲಿಸಿ, ಲೆನ್ಸ್‌ಗಳನ್ನು ಉಳಿಸಿಕೊಳ್ಳಿ.